ಆರು ಪ್ಯಾಂಟು, ಒಂದು ತಿಮಿಂಗಿಲ

ಟೈಲರಮ್ಮ ತಲೆ ಅಲ್ಲಾಡಿಸಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮರುದಿನದ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದರು.

“ನಾಳೆ ಬನ್ನಿ ಅಂತಿದಾರೆ” ಎಂದರು ಅಪ್ಪ. “ನಾಳೆ ನಾವೇ ಇರಲ್ವಲ್ಲ!”

ಕೌಂಟರಿನ ಮೇಲೆ ದೊಡ್ಡ ಸೂಟ್‌ಕೇಸು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಬೆಳಿಗ್ಗೆ ಪ್ಯಾಕ್ ಮಾಡುವಾಗ ಅಪ್ಪ ಅದರ ಮೇಲೆ ಕುಳಿತು ಎಳೆದ ರಭಸಕ್ಕೆ ಜಿಪ್ಪು ಕಿತ್ತುಬಂದಿತ್ತು. ಹೋಟೆಲಿನಲ್ಲಿ ಚೂಟಿಯ ಅಮ್ಮ ತುಂಬಬೇಕಾದ ಬಟ್ಟೆಗಳ ಜೊತೆ ಕಾಯುತ್ತಿದ್ದರು. ಸಂಜೆ ಐದಕ್ಕೆ ಏರ್‌ಪೋರ್ಟಿಗೆ ಹೊರಡಬೇಕು. ಎಂಟು ದಿನದ ಫಾರಿನ್ ಟೂರು ಇವತ್ತಿಗೆ ಮುಗಿಯಿತು.

ಚೂಟಿಗೆ ಸೂಟ್‌ಕೇಸಿನ ಚಿಂತೆಯೇ ಇರಲಿಲ್ಲ. ಅವಳ ಜೀವವೆಲ್ಲ ಮ್ಯೂಸಿಯಮ್ಮಿನ ತಿಮಿಂಗಿಲದ ಮೇಲಿತ್ತು. ಬಸ್ಸಿಗಿಂತ ಉದ್ದದ ಅಸ್ಥಿಪಂಜರವಂತೆ! ಟಿಕೆಟ್ಟು ಸಿಕ್ಕಿದ್ದೇ ಕೊನೇ ದಿನಕ್ಕೆ, ಸರಿಯಾಗಿ ಮೂರು ಗಂಟೆಗೆ. ತಡವಾದರೆ ಒಳಗೆ ಬಿಡುವುದಿಲ್ಲ. ಈಗಲೇ ಒಂದು ಗಂಟೆ.

“ಇವತ್ತು ಯಾಕಾಗಲ್ವಂತೆ?” ಎಂದು ಅಜ್ಜಿ ಕೇಳಿದರು.

ಟೈಲರಮ್ಮ ಮೂಲೆಯಲ್ಲಿದ್ದ ರಾಶಿಯನ್ನು ತೋರಿಸಿದರು. ಆರು ಪ್ಯಾಂಟು. ಎಲ್ಲದರ ಕಾಲನ್ನೂ ಮಡಚಿ ಪಿನ್ನು ಚುಚ್ಚಿತ್ತು. ಎಲ್ಲಾ ಇವತ್ತೇ ಕೊಡಬೇಕು ಎನ್ನುವಂತೆ ಅವರು ಗಡಿಯಾರದ ಕಡೆ ಕೈ ಮಾಡಿದರು.

“ಓ, ಹೆಮ್ಮಿಂಗಾ? ಅಂಚು ಹೊಲಿಯೋದು ಇಷ್ಟೇನಾ?” ಅಜ್ಜಿ ಸ್ವೆಟರಿನ ತೋಳು ಮೇಲೇರಿಸಿದರು.

“ಅಮ್ಮಾ, ಅಲ್ಲೆಲ್ಲಾ ಹೋಗ್ಬೇಡ!” ಎಂದು ಅಪ್ಪ ಅನ್ನುವಷ್ಟರಲ್ಲಿ ಅಜ್ಜಿ ಕೌಂಟರಿನ ಆಚೆಗಿದ್ದರು. ಒಂದು ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯಲು ಶುರುಮಾಡಿಯೇಬಿಟ್ಟರು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ ಅದು, ಸುಮ್ಮನಿರುತ್ತದೆಯೇ? ಟೈಲರಮ್ಮ ಗಾಬರಿಯಿಂದ ಓಡಿಬಂದು ಅಂಚನ್ನು ತಿರುಗಿಸಿ ನೋಡಿದರು. ಹೊರಗಡೆ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ. ಅವರು ಅಜ್ಜಿಯ ಬೆನ್ನು ತಟ್ಟಿ, ಸೂಟ್‌ಕೇಸನ್ನು ತಮ್ಮ ಕಡೆ ಎಳೆದುಕೊಂಡರು.

ಆಮೇಲೆ ಶುರುವಾಯಿತು ನೋಡಿ ಮಾತು! ಅಜ್ಜಿ ನಮ್ಮ ಭಾಷೆಯಲ್ಲಿ, ಟೈಲರಮ್ಮ ಅವರ ಭಾಷೆಯಲ್ಲಿ.

“ಈ ದಾರ ಎಳೆದ್ರೆ ಕಿತ್ತು ಬರತ್ತೆ ಕಣ್ರೀ” ಎಂದು ಅಜ್ಜಿ ರೇಗಿದರೆ, ಟೈಲರಮ್ಮ ಬೇರೆ ರೀಲು ಕೊಟ್ಟು, ತಾವೂ ಆ ಹಳೇ ರೀಲನ್ನು ಚೆನ್ನಾಗಿ ಬೈದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡೂಕಾಲಿಗೆ ಹೊಸ ಜಿಪ್ಪು ಸರ್ರನೆ ಓಡಿತು.

“ಏಳಮ್ಮ, ಹೊರಡೋಣ” ಎಂದರು ಅಪ್ಪ. “ನಿನ್ನನ್ನ ಹೋಟೆಲಲ್ಲಿ ಬಿಟ್ಟು ನಾವಿಬ್ರೂ ಮ್ಯೂಸಿಯಂಗೆ ಓಡ್ತೀವಿ.”

ಚೂಟಿ ಆಗಲೇ ಬಾಗಿಲ ಹತ್ತಿರವಿದ್ದಳು.

“ಆಯ್ತಪ್ಪ” ಎಂದು ಅಜ್ಜಿ ಅರ್ಧ ಹೊಲಿದಿದ್ದ ನಾಲ್ಕನೇ ಪ್ಯಾಂಟನ್ನು ಮಡಚತೊಡಗಿದರು.

ಎಂಟು ದಿನವೂ ಅಜ್ಜಿ ಹೇಳಿದ್ದು ಇದನ್ನೇ. ಗೋಪುರಕ್ಕೆ ಕರೆದರೆ ಆಯ್ತಪ್ಪ. ದೋಣಿಗೆ ಕರೆದರೆ ಆಯ್ತಪ್ಪ. ಹೋದ ಕಡೆಯಲ್ಲೆಲ್ಲ ಒಂದು ಬೆಂಚು ಹುಡುಕಿ, ಮಾತಿಲ್ಲದೆ ಕುಳಿತಿರುತ್ತಿದ್ದರು. ಈಗ ಬೆಂಚಿನ ಮೇಲಿನ ಅದೇ ಸಪ್ಪೆ ಮುಖ ಮತ್ತೆ ಬರುತ್ತಿರುವುದನ್ನು ಚೂಟಿ ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

“ಅಪ್ಪಾ, ನೀನು ಸೂಟ್‌ಕೇಸು ಅಮ್ಮನಿಗೆ ಕೊಟ್ಟು ಬಾ. ನಾನು ಅಜ್ಜಿ ಹತ್ರ ಇಲ್ಲೇ ಇರ್ತೀನಿ.”

“ಮತ್ತೆ ತಿಮಿಂಗಿಲ?”

“ಅದು ಸತ್ತು ನೂರು ವರ್ಷ ಆಯ್ತಂತೆ. ಇನ್ನೆಲ್ಲಿಗೆ ಓಡಿಹೋಗತ್ತೆ?”

“ಬೇಗ ಬರ್ತೀನಿ” ಎಂದು ಅಪ್ಪ ಸೂಟ್‌ಕೇಸು ಎಳೆದುಕೊಂಡು ಹೊರಟರು.

ದೊಡ್ಡದಾಗಿ ಹೇಳಿದಳೇನೋ ನಿಜ. ಅಪ್ಪ ಮರೆಯಾಗುತ್ತಲೇ ಚೂಟಿಯ ಕಣ್ಣು ಗಡಿಯಾರದ ಕಡೆ ಹೋಯಿತು. ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತು, ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಡತೊಡಗಿದಳು. ನಾಲ್ಕನೇ ಪ್ಯಾಂಟು ಮುಗಿಯಿತು. ಐದನೆಯದೂ ಮುಗಿಯಿತು.

ಅಜ್ಜಿ ಹಲ್ಲಿನಿಂದ ದಾರ ಕಡಿದು, ಕಿಟಕಿಯಾಚೆಯ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ಈ ಊರು ಚೆನ್ನಾಗಿದೆ ಕಣೇ” ಎಂದರು. “ಇನ್ನೊಂದೆರಡು ದಿನ ಇರಬಹುದಿತ್ತು.”

ಅಜ್ಜಿಯ ಟೂರು ಇವತ್ತೇ ಶುರುವಾಗಿದ್ದು ಎಂದು ಚೂಟಿಗೆ ಹೊಳೆಯಿತು. ಗಂಟೆ ಎಷ್ಟಾಯಿತೆಂದು ಅವಳು ತಿರುಗಿ ನೋಡಲಿಲ್ಲ. ಆರನೇ ಪ್ಯಾಂಟನ್ನು ಎತ್ತಿ ಅಜ್ಜಿಯ ತೊಡೆಯ ಮೇಲೆ ಹಾಕಿದಳು.