ಮೇಣ ಉಜ್ಜಿದವಳು

"ಅಯ್ಯೋ... ಬಿದ್ದೇಬಿಟ್ರಲ್ಲ!"

ಒಂಟಿಚಕ್ರದ ಸೈಕಲ್ಲಿನಲ್ಲಿ ಗ್ರಂಥಾಲಯದ ಕಟ್ಟೆಯ ಮೇಲೆ ಹಾರಿ, ಅಂಚಿನುದ್ದಕ್ಕೂ ಪೆಡಲ್ ಜಾರಿಸಿಕೊಂಡು ಹೋಗಬೇಕಿದ್ದವನು, ಧೊಪ್ಪೆಂದು ಗ್ರಂಥಪಾಲಕಿಯ ಕಾಲ ಬಳಿಯೇ ಬಿದ್ದಿದ್ದ. ಅವಳ ಕೈಯಲ್ಲಿ ಬಿಸಿನೀರಿನ ಬಕೆಟ್ಟು, ಬ್ರಷ್ಷು.

"ಇಲ್ಲಿದ್ದ ಮೇಣ ಎಲ್ಲಿ?" ಮೊಣಕೈ ಹಿಡಿದುಕೊಂಡೇ ಕೇಳಿದ.

"ಆ ಜಿಡ್ಡಾ? ನಾನೇ ಉಜ್ಜಿದೆ. ದಿನಾ ಉಜ್ತೀನಿ!" ಶಹಬ್ಬಾಸ್ ಸಿಗುತ್ತದೇನೋ ಎಂಬಂತೆ ಹೇಳಿದಳು, ಪಾಪ.

"ಜಿಡ್ಡಲ್ಲ ಮೇಡಂ! ಮೇಣದಬತ್ತಿ ತಿಕ್ಕಿದ್ರೇನೇ ಪೆಡಲ್ ಜಾರೋದು. ದಿನಾ ತಿಕ್ತಿದ್ದೆ, ಇವತ್ತು ನಿನ್ನೇದೇ ಇರುತ್ತೆ ಅಂತ ಬಿಟ್ಟೆ. ನೀವು ದಿನಾ ಮೆಟ್ಟಿಲು ತೊಳೆಯೋಕೆ ಬರ್ತೀರಿ ಅಂದ್ಕೊಂಡಿದ್ದೆ..." ಅವನ ಮುಖ ಸಪ್ಪಗಾಯಿತು. "ನಾನಿಲ್ಲಿ ಆಡೋದು ಇಷ್ಟವಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು. ಇನ್ಮೇಲೆ ಬರಲ್ಲ."

ಹೇಳಿದಂತೆಯೇ ಬರಲಿಲ್ಲ. ಒಂದಲ್ಲ, ಹತ್ತು ದಿನ!

ಪುಸ್ತಕಗಳಿಗೆ ಅವಳು ಹೋದ ವರ್ಷದ ತಾರೀಖು ಒತ್ತತೊಡಗಿದಳು. ಇನ್ನು ಬರುವುದೇ ಇಲ್ಲವೇನೋ ಎಂದುಕೊಂಡಾಗಲೆಲ್ಲ ಕಿಟಕಿಯಿಂದ ಕಟ್ಟೆಯತ್ತ ಇಣುಕುತ್ತಿದ್ದಳು.

"ಯಾಕೇ, ಮುಖ ಹಿಂಡಿದ ನಿಂಬೆಹಣ್ಣಾಗಿದೆ? ಯಾರವನು?" ಎಂದರು ಮನೆಯಲ್ಲಿ ಅತ್ತಿಗೆ.

"ಯಾರೂ ಇಲ್ಲ ಅತ್ತಿಗೆ! ಯಾವ ಸೈಕಲ್ಲೂ ಇಲ್ಲ!"

"ಸೈಕಲ್ಲಿನ ಸುದ್ದಿ ನಾನೆಲ್ಲಿ ಎತ್ತಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಎಲ್ಲವನ್ನೂ ಹೇಳಿಬಿಟ್ಟಳು.

"ನೀನು ಹೇಳ್ದೆ ಅವನಿಗೇನು ಕನಸು ಬೀಳುತ್ತಾ? ಭಾನುವಾರ ಚೌಕದಲ್ಲಿ ಒಂಟಿಚಕ್ರದವರ ಸ್ಪರ್ಧೆ ಇದೆಯಂತೆ. ಹೋಗು!"

ಹೋದಳು. ಚೌಕದಲ್ಲಿ ಹತ್ತಾರು ಒಂಟಿಚಕ್ರಗಳು ಬೆಂಚಿನಿಂದ ಬೆಂಚಿಗೆ ನೆಗೆಯುತ್ತಿದ್ದವು. ಅವನು ಮೂಲೆಯಲ್ಲಿ ನಿಂತು ಟೈರಿನ ಗಾಳಿ ಒತ್ತಿ ನೋಡುತ್ತಿದ್ದ.

"ನಾನು ಅಳಿಸಿದ್ದು ಮೇಣಾನ... ನಿಮ್ಮನ್ನಲ್ಲ!" ಒಂದೇ ಉಸಿರಿಗೆ ಅಂದಳು.

"ಅಂದ್ರೆ?"

"ಮೊದಲನೇ ದಿನ ನಿಜವಾಗ್ಲೂ ಜಿಡ್ಡು ಅಂತಾನೇ ಉಜ್ಜಿದ್ದು. ಆಮೇಲೆ... ಹೊರಗೆ ಬಂದು ನಿಮ್ಮನ್ನ ನೋಡೋಕೆ ಬೇರೆ ನೆಪ ಇರ್ಲಿಲ್ಲ." ಕಣ್ಣು ತುಂಬಿ ಬಂತು. "ನಿಮ್ಮನ್ನ ಬೀಳಿಸೋಕಲ್ಲ. ದೇವರಾಣೆ!"

ಅವನು ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ನಗ್ಬೇಡಿ!"

"ಆ ಕಟ್ಟೆ ಎಷ್ಟು ಒರಟು ಗೊತ್ತಾ? ಆಟಕ್ಕೆ ಲಾಯಕ್ಕೇ ಇಲ್ಲ!"

"ಮತ್ತೆ ತಿಂಗಳಿಡೀ ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ನೀವು ಹೊರಗೆ ಬರ್ತಿದ್ರಲ್ಲ... ಅದಕ್ಕೇ."

ಇಬ್ಬರೂ ನೆಲ ನೋಡಿದರು. ಮೈಕಿನಲ್ಲಿ ಅವನ ಸಂಖ್ಯೆ ಕೂಗಿದರು. ಅವನಿಗೆ ಕೇಳಿಸಲೇ ಇಲ್ಲ. ಎರಡನೇ ಸಲ ಕೂಗಿದಾಗ ಅವಳೇ ಭುಜ ತಟ್ಟಿದಳು.

"ಹೋಗಿ... ಜೋಪಾನ."

ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

"ನಾಳೆ ಸಂಜೆ ಬರ್ತೀನಿ. ಸೈಕಲ್ ಬಿಟ್ಟು, ಬರೀ ನಾನೇ ಬಂದ್ರೆ ಆಗುತ್ತಾ?"

"ಹೂಂ... ನಿಮಗೋಸ್ಕರಾನೇ ತಾನೇ ಕಾಯ್ತಿದ್ದಿದ್ದು!"