ಅವನ ಮದುವೆಗೆ ಅವಳು ಆರಿಸಿದ ಪ್ರೊಸೆಸರ್

“ಪುದಿಯಾಪ್ಳನ ಕೋಣೆಗೆ ಒಂದು ಕಂಪ್ಯೂಟರ್ ಬೇಕಿತ್ತು ಮಗಳೇ. ಗೇಮ್ ಆಡುವಂಥದ್ದು. ಒಳ್ಳೆಯ ಪ್ರೊಸೆಸರ್ ಹಾಕಿ ಕೊಡು.”

ಸಿದ್ಧಕಟ್ಟೆಯ ಅಬ್ದುಲ್ ಹಕೀಂ ನಗುತ್ತಾ ಕುರ್ಚಿ ಎಳೆದು ಕುಳಿತರು. ಅವರ ಹಿಂದೆ ಅಳಿಯನಾಗುವವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಫರ್ಹಾನಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ಫೈಝಲ್!

ದುಬೈಗೆ ಹೋದವನು ಹನ್ನೊಂದು ತಿಂಗಳಲ್ಲಿ ಒಂದು ಫೋನೂ ಮಾಡಿರಲಿಲ್ಲ. ಈಗ ಬಂದದ್ದು ಹೀಗೆ... ಬೇರೊಬ್ಬಳ ತಂದೆಯ ಬೆನ್ನ ಹಿಂದೆ!

ಅದು 2005ನೇ ಇಸವಿ. ಮಡಂತ್ಯಾರಿನ ಆ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಅವಳದು. ಗಲ್ಫಿಗೆ ಹೋಗುವ ಮುಂಚೆ ಫೈಝಲ್ ದಿನಾ ಮಧ್ಯಾಹ್ನ ಬಂದು, ಗಿರಾಕಿಗಳಿಗೆ ತೋರಿಸಲು ಇಟ್ಟ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿದ್ದ. ಅವಳನ್ನೂ ಆಡಿಸಿ, ಸೋತಾಗ ಗೇಲಿ ಮಾಡುತ್ತಿದ್ದ. ಅಷ್ಟೇ. ಆದರೆ ಆ ಅಷ್ಟರಲ್ಲೇ ಅವಳು ಒಂದು ಇಡೀ ಬದುಕು ಕಟ್ಟಿಕೊಂಡಿದ್ದಳು.

ಪುದಿಯಾಪ್ಳ, ಅಂದರೆ ಮದುಮಗ, ಬಂದು ಉಳಿಯುವ ಕೋಣೆಯನ್ನು ಹೆಣ್ಣಿನ ಮನೆಯವರೇ ಸಜ್ಜು ಮಾಡುವುದು ಅವರಲ್ಲಿನ ರೂಢಿ. ಮಂಚ, ಕಪಾಟು ಬಂದಾಗಿತ್ತಂತೆ. ಇನ್ನು ಇದೊಂದು ಬಾಕಿ. ಅವನು ಆಡುತ್ತಾನೆ, ಹಕೀಮರ ಮಗಳು ಸೌದಾ ಪಕ್ಕದಲ್ಲಿ ಕುಳಿತು ನೋಡುತ್ತಾಳೆ...

‘ಯಾ ಅಲ್ಲಾಹ್, ಅದನ್ನು ಜೋಡಿಸಿ ಕೊಡಲಿಕ್ಕೂ ನಾನೇ ಬೇಕಿತ್ತಾ?’

“ಕಡಿಮೆ ಬೆಲೆಯ ಸೆಲೆರಾನ್ ಸಾಕಾ?” ಹಕೀಂ ಕೇಳಿದರು.

“ಟೈಪಿಂಗಿಗೆ ಸಾಕು. ಗೇಮ್ ತಡವರಿಸ್ತದೆ.”

“ಹಾಗಾದರೆ ಪೆಂಟಿಯಂ ಫೋರ್ ಹಾಕುವ.”

“ಅದು ತುಂಬಾ ಬಿಸಿ ಆಗ್ತದೆ ಹಕೀಮಾಕ. ಗೇಮಿಗೇ ಅಂತಾದರೆ ಅಥ್ಲಾನ್ 64 ಒಳ್ಳೆಯದು.”

“ಅಥ್ಲಾನಾ? ಹೆಸರೇ ಕೇಳಿಲ್ಲ ಮಾರಾಯ್ತಿ! ನೆಂಟರು ಕೇಳಿದರೆ ಪೆಂಟಿಯಂ ಅಂತ ಹೇಳುವ ಗತ್ತಾದರೂ ಬೇಡ್ವಾ ನನಗೆ?”

“ನಮ್ಮ ಮನೆಯಲ್ಲಿ ಹಳೆಯದೊಂದು ಉಂಟಲ್ಲ,” ಫೈಝಲ್ ಮೊದಲ ಬಾರಿ ಬಾಯಿ ಬಿಟ್ಟ. “ಅದರದ್ದೇ ಪ್ರೊಸೆಸರ್ ಬದಲಿಸಿದರೆ ಆಗೂದಿಲ್ವಾ?”

ಅವಳು ಅವನ ಮುಖ ನೋಡಲಿಲ್ಲ. “ಬೋರ್ಡೂ ಬದಲಿಸಬೇಕು. ಮತ್ತೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು. ಅದರಲ್ಲಿ ಇರುವುದೆಲ್ಲ ಅಳಿಸಿ ಹೋಗ್ತದೆ. ಬೇಕಾದ್ದು ಮೊದಲೇ ತೆಗೆದಿಡಿ.”

“ಮೈ ಡಾಕ್ಯುಮೆಂಟ್ಸಿನಲ್ಲಿ ಇಟ್ಟದ್ದೂ?”

“ಅದೂ ಸಿ ಡ್ರೈವಿನಲ್ಲೇ ಅಲ್ವಾ?”

ಅವನ ಕಣ್ಣು ಅಂಗಡಿಯ ಮೂಲೆಯಲ್ಲಿದ್ದ, ತಾನು ದಿನಾ ಗೇಮ್ ಆಡುತ್ತಿದ್ದ ಕಂಪ್ಯೂಟರಿನ ಕಡೆ ಹೋಯಿತು. ಮುಖ ಬಿಳಿಚಿತು.

“ಅದರ ಪ್ರೊಸೆಸರ್... ಬದಲಿಸಿದ್ದೀಯಾ?”

“ಹೂಂ.”

“ಯಾವಾಗ?”

“ನೀವು ಹೋದ ಮರುದಿನ ಬೆಳಿಗ್ಗೆ. ಗೇಮ್ ತಡವರಿಸ್ತದೆ ಅಂತ ದಿನಾ ಗೊಣಗ್ತಿದ್ರಲ್ಲ? ರಜೆಯಲ್ಲಿ ಬಂದಾಗ ನಿಮಗೆ...”

“ಅಳಿಸುವ ಮುಂಚೆ ಒಮ್ಮೆ ಆನ್ ಮಾಡಿ ನೋಡಲಿಲ್ವಾ?”

“ಯಾಕೆ ನೋಡಬೇಕಿತ್ತು?”

“ನಿನ್ನ ಹೆಸರಿಗೆ ಆ ಕಂಪ್ಯೂಟರಿನಲ್ಲೇ ಕಾಗದ ಬರೆದಿಟ್ಟಿದ್ದೆ ಫರ್ಹಾನ! ದಿನಾ ಅದನ್ನು ತೆರೆಯುವವಳು ನೀನೇ ಅಲ್ವಾ, ಕಣ್ಣಿಗೆ ಬಿದ್ದೀತು ಅಂತ. ಒಪ್ಪಿಗೆ ಇದ್ದರೆ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡು, ಉಮ್ಮನನ್ನು ನಿಮ್ಮ ಮನೆಗೆ ಕಳಿಸ್ತೇನೆ ಅಂತ... ಬರಲೇ ಇಲ್ಲ. ನಿನಗೆ ನಾನು ಬೇಡ ಅಂದ್ಕೊಂಡೆ. ಆಮೇಲೆ ಮನೆಯವರು ಏನು ಕೇಳಿದರೂ ಹೂಂ ಅಂದೆ.”

ಅವನಿಗಾಗಿಯೇ ಅವಳು ಆಸೆಯಿಂದ ಮಾಡಿದ ಕೆಲಸ. ಅದೇ ಕೈಯಿಂದ ತನ್ನ ಬದುಕನ್ನು ಒರೆಸಿ ಹಾಕಿದ್ದಳು! ಅಳು ಕೂಡ ಬರಲಿಲ್ಲ. ಎದೆಯೊಳಗೆ ಖಾಲಿ... ಬರೀ ಖಾಲಿ.

ಕುರ್ಚಿ ಸರಿದ ಸದ್ದಾಯಿತು. ಹಕೀಂ ಎದ್ದು ನಿಂತಿದ್ದರು. ಅವರು ಅಲ್ಲಿರುವುದನ್ನು ಇಬ್ಬರೂ ಮರೆತೇಬಿಟ್ಟಿದ್ದರು.

“ಹಕೀಮಾಕ, ಅವರ ಮಾತು ಮನಸ್ಸಿಗೆ ಹಾಕಿಕೊಳ್ಳಬೇಡಿ,” ಫರ್ಹಾನ ಗಡಬಡಿಸಿದಳು. “ಸಂಜೆಯೊಳಗೆ ಜೋಡಿಸಿ ಕೊಡ್ತೇನೆ. ಸೌದಾ ಏನು ತಪ್ಪು ಮಾಡಿದ್ದಾಳೆ?”

“ತಪ್ಪು ಮಾಡಿಲ್ಲ. ಅದಕ್ಕೇ ಹೇಳುವುದು.” ಅವರು ಫೈಝಲ್ ಕಡೆ ತಿರುಗಿದರು. “ಮನಸ್ಸು ಇಲ್ಲಿ ಬಿಟ್ಟು ಬಂದವನನ್ನು ಕೂರಿಸಲಿಕ್ಕೆ ನಾನು ಆ ಕೋಣೆಗೆ ಬಣ್ಣ ಬಳಿಸಿದ್ದಾ? ಫೈಝಲ್, ಮೊನ್ನೆ ಚಾ ಕುಡಿದು ಹೂಂ ಅಂದೆಯಲ್ಲ ಮಾರಾಯ, ಇದನ್ನು ಆವತ್ತೇ ಹೇಳಲಿಕ್ಕೆ ನಿನಗೆ ಬಾಯಿ ಇರಲಿಲ್ವಾ?”

ಫೈಝಲ್ ತಲೆ ತಗ್ಗಿಸಿದ. “ತಪ್ಪು ನನ್ನದೇ. ಸೌದಾಳ ಎದುರು ನಾನೇ ಹೇಳ್ತೇನೆ.”

“ಈಗಲೇ ಬಾ. ನನ್ನ ಬಾಯಿಂದ ನನ್ನ ಮಗಳಿಗೆ ಹೇಳಿಸಬೇಡ.”

ಹಕೀಂ ಮೆಟ್ಟಿಲು ಇಳಿದು ಜೀಪಿನ ಕಡೆ ನಡೆದರು. ಆ ಬಾಗಿದ ಬೆನ್ನು ನೋಡಿ ಫರ್ಹಾನಳ ಕಣ್ಣು ಈಗ ತುಂಬಿತು. ಫೈಝಲ್ ಸಿಕ್ಕಿದ್ದಕ್ಕೆ ಸಂತೋಷ ಪಡಲೂ ಮನಸ್ಸು ಬರಲಿಲ್ಲ.

ಫೈಝಲ್ ಬಾಗಿಲಲ್ಲಿ ತಿರುಗಿ ನಿಂತ. “ಎಲ್ಲರೂ ಬೈತಾರೆ. ನಿನ್ನನ್ನೂ ಬೈತಾರೆ. ಕಾಯ್ತೀಯಾ?”

“ಕಾಯಬೇಕು ಅಂತ ಗೊತ್ತಿಲ್ಲದೇ ಹನ್ನೊಂದು ತಿಂಗಳು ಕಾದೆ.” ಅವಳು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. “ಈಗ ಹೇಳಿದ ಮೇಲೆ ಕಾಯದೇ ಇರ್ತೇನಾ?”

“ಫರ್ಹಾನ...”

“ಹೋಗಿ. ಆ ಹುಡುಗಿಯ ಹತ್ತಿರ ಮೆಲ್ಲ ಮಾತಾಡಿ.”