ಸಹಾಯಕಿ ಅನ್ನೋ ಪದ

ಆ ವರ್ಷ ದಾರದ ರೀಲು ಕಾಲುಪಾಲು ದುಬಾರಿಯಾಯಿತು. ಗುಂಡಿ, ಕ್ಯಾನ್ವಾಸು, ಮೆಷಿನ್ ಎಣ್ಣೆ, ಎಲ್ಲವೂ ಮೇಲಕ್ಕೇ. ಅಂಗಡಿ ಬಾಡಿಗೆಯಂತೂ ಏಣಿ ಹತ್ತಿದ್ದು ಇಳಿಯಲೇ ಇಲ್ಲ. ಅಂಗಡಿ ನಡೆಸುವ ಅಣ್ಣ ಹೊಲಿಗೆ ಮಜೂರಿಯನ್ನೂ ಏರಿಸಿದ. ಏರದೆ ಉಳಿದದ್ದು ತಂಗಿಯ ಸಂಬಳ ಒಂದೇ. ಇಲ್ಲದ್ದು ಏರುವುದಾದರೂ ಹೇಗೆ?

ಟೈಲರ್ ಅಂಗಡಿಯ ಆ ತಂಗಿಯನ್ನು ಬೀದಿಯವರೆಲ್ಲ ಕತ್ತರಿ ಅಂತಲೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದರಲ್ಲೂ ಎದುರಿನವರ ಮಾತು ತುಂಡರಿಸುವುದರಲ್ಲೂ ಅವಳು ಒಂದೇ ಸಮ.

ಕೂಲಿ, ಕೆಲಸ, ಬೆಲೆಗಳ ಲೆಕ್ಕ ತೆಗೆಯುವ ಸರ್ವೇಯವನು ಒಂದು ಮಧ್ಯಾಹ್ನ ಟ್ಯಾಬ್ಲೆಟ್ ಹಿಡಿದು ಬಂದ. ಕಳೆದ ವಾರ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ ಅಂತ ಅವಳನ್ನು ಕೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಸಂಬಳ ಎಷ್ಟು ಅಂದದ್ದಕ್ಕೆ ಅಣ್ಣನೇ ಉತ್ತರ ಕೊಟ್ಟ: ಮನೆ ಹುಡುಗಿಗೆ ಯಾವ ಸಂಬಳ ಸಾರ್.

ಸರ್ವೇಯವನ ಬೆರಳು ಒಂದು ಕಡೆ ಒತ್ತಿತು.

"ಏನು ಒತ್ತಿದ್ರಿ?"

"ಸಂಬಳ ಇಲ್ಲದೆ ಮನೆ ಕಸುಬಿನಲ್ಲಿ ದುಡಿಯೋರಿಗೆ ನಮ್ಮಲ್ಲಿ ಸಹಾಯಕಿ ಅಂತೀವಿ."

ಅವಳು ಹ್ಯಾಂಗರಿನಿಂದ ಒಂದು ಅಂಗಿ ತೆಗೆದು ಒಳಮಗ್ಗುಲು ತಿರುವಿ ಹಿಡಿದಳು. "ಅಳತೆ ತೆಗೆದಿದ್ದು ನಾನು, ಕತ್ತರಿಸಿದ್ದು ನಾನು, ಕಾಲರ್ ಕೂರಿಸಿದ್ದು ನಾನು. ಅಣ್ಣ ಗುಂಡಿ ಹಾಕ್ದ. ಈಗ ಹೇಳಿ, ಸಹಾಯ ಮಾಡಿದ್ದು ಯಾರು?"

ಪದ ಬದಲಿಸುವ ಅಧಿಕಾರ ತನಗಿಲ್ಲ ಅಂದ ಸರ್ವೇಯವನು. ಹೇಳುವಾಗ ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಜೋಪಾನವಾಗಿ ಇಟ್ಟುಕೊಂಡಳು.

ಮೂರು ತಿಂಗಳಿಗೊಮ್ಮೆ ಅದೇ ಮನೆಗಳಿಗೆ ಮತ್ತೆ ಹೋಗಬೇಕೆಂಬುದು ಸರ್ವೇ ನಿಯಮ. ನಡುವೆ ಅಂಗಿ ಹೊಲಿಸಲು ಬರಬೇಕೆಂಬ ನಿಯಮವೇನೂ ಇರಲಿಲ್ಲ, ಆದರೂ ಬಂದ. ಅವಳ ಟೇಪು ಸೊಂಟ ಸುತ್ತಿದಾಗ ಕಂಬದಂತೆ ನಿಂತ.

"ಹೊಟ್ಟೆ ಬಿಡಿ. ಒಳಗೆಳ್ಕೊಂಡು ಅಳತೆ ಕೊಟ್ಟೋರ ಗುಂಡಿ ಊಟದ ಹೊತ್ತಿಗೆ ಹಾರಿಹೋಗತ್ತೆ."

ಅವನು ಉಸಿರು ಬಿಟ್ಟ. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸಿಕ್ಕಿತು. ಆಮೇಲೆ ನೋಡಿದರೆ ಎದೆಯಳತೆಯ ಜಾಗದಲ್ಲಿ ಅವಳು ತೋಳಿನ ಅಳತೆ ಬರೆದಿದ್ದಳು. ಮತ್ತೆ ಅಳೆಯಬೇಕಾಯಿತು. ಇಬ್ಬರಿಗೂ ಬೇಜಾರೇನಾಗಲಿಲ್ಲ.

ಮುಂದಿನ ಸರ್ವೇಗೆ ಬಂದಾಗ, ಬೇರೆ ಕೆಲಸ ಹುಡುಕುತ್ತಿದ್ದೀರಾ ಅಂತ ಕ್ರಮದಂತೆ ಕೇಳಿದ. ಹೌದು ಅಂದಳು. ಅಣ್ಣನ ಮೆಷಿನ್ ನಿಂತಿತು. ಯೂನಿಫಾರ್ಮ್ ಹೊಲಿಯುವ ಫ್ಯಾಕ್ಟರಿಯ ಕಟಿಂಗ್ ವಿಭಾಗದಲ್ಲಿ ಅವಳು ಟ್ರಯಲ್ ಕೊಟ್ಟು ಬಂದಿದ್ದಳು. ಸೋಮವಾರದಿಂದ ಬನ್ನಿ ಅಂದಿದ್ದರು.

"ಸಂಬಳ ಕೊಡಣ್ಣ, ಇಲ್ಲೇ ಇರ್ತೀನಿ."

"ಒಡಹುಟ್ಟಿದ್ದಕ್ಕೂ ರೇಟ್ ಕಟ್ತೀಯೇನೇ?"

"ಒಡಹುಟ್ಟಿದ್ದಕ್ಕಲ್ಲ. ಕತ್ತರಿಸಿದ್ದಕ್ಕೆ."

ಹುಡುಗಿಯ ತಲೆ ಕೆಡಿಸಿದವನು ನೀನೇ ಅಂತ ಅಣ್ಣ ಸರ್ವೇಯವನ ಮೇಲೆ ಹರಿಹಾಯ್ದ. ಪ್ರಶ್ನೆ ಅವರದು, ಉತ್ತರ ನನ್ನದು ಅಂತ ಅವಳು ನಡುವೆ ಬಂದು ನಿಂತಳು. ಸೋಮವಾರ ಅತ್ತಿಗೆ ಕಣ್ಣೊರೆಸಿಕೊಂಡಳು, ಅಣ್ಣ ಮುಖ ತಿರುಗಿಸಿದ. ಅವಳು ಚಪ್ಪಲಿ ಮೆಟ್ಟಿ ಫ್ಯಾಕ್ಟರಿಗೆ ನಡೆದಳು.

ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ, ಅವಳು ಹೊಲಿದ ಅಂಗಿ ತೊಟ್ಟು ಸರ್ವೇಯವನು ಫ್ಯಾಕ್ಟರಿ ಗೇಟಿನ ಹತ್ತಿರ ನಿಂತಿದ್ದ. ನಿಮ್ಮ ಬೀದಿಯ ಸರ್ವೇಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ ಅಂದ.

"ಅಣ್ಣಂಗೆ ಹೆದರಿದ್ರಾ?"

"ಇಲ್ಲ. ನಮ್ಮವರ ಮನೆಯ ಸರ್ವೇ ನಾವೇ ಮಾಡೋ ಹಾಗಿಲ್ಲ."

"ನಾನ್ಯಾವಾಗ ನಿಮ್ಮವಳಾದೆ?"

"ಆಗಿಲ್ಲ. ಕೇಳೋಕೆ ಮುಂಚೆ ದಾರಿ ಸರಿ ಮಾಡ್ಕೊಂಡೆ, ಅಷ್ಟೆ. ಮದುವೆ ಆಗ್ತೀರಾ?"

ಹೂಂ ಅನ್ನುವ ಮೊದಲು ಅವಳು ಕರಾರು ಹೇಳಿದಳು. ಕೆಲಸ ಬಿಡುವುದಿಲ್ಲ. ಸಂಬಳ ತನ್ನ ಕೈಯಲ್ಲೇ ಇರುತ್ತದೆ. ನಿಮ್ಮ ಮನೆಗೂ ಬಿಟ್ಟಿ ದುಡಿಮೆಗೆ ಬರುವುದಿಲ್ಲ. ಅವನು ಎಲ್ಲಕ್ಕೂ ತಲೆಯಾಡಿಸಿದ. ಅಡುಗೆ ತನಗೆ ಬರುತ್ತದೆ, ಉಪ್ಪು ಮಾತ್ರ ಕೈಮೀರಿ ಬೀಳುತ್ತದೆ ಅಂತ ತಾನಾಗಿಯೇ ಒಪ್ಪಿಕೊಂಡ.

"ಉಪ್ಪು ನೋಡ್ಕೊಳೋಕೆ ನಾನಿದ್ದೀನಲ್ಲ," ಅಂದಳು.

ಮದುವೆಗೆ ಅಣ್ಣ ಬಂದ, ಊಟ ಮಾಡಿದ, ಅವಳ ಜೊತೆ ಮಾತಾಡದೆ ಹೊರಟುಹೋದ. ಅಂಗಡಿಗೆ ಈಗ ಸಂಬಳದ ಕಟರ್ ಬಂದಿದ್ದಾನೆ ಅಂತ ಅತ್ತಿಗೆ ಅವಳ ಕಿವಿಯಲ್ಲಿ ಹೇಳಿದಳು.

ಅವಳಿಗೆ ದುಡಿದದ್ದಕ್ಕೆ ಕೂಲಿ ಸಿಕ್ಕಿತು, ಮೆಚ್ಚಿದ ಗಂಡ ಸಿಕ್ಕಿದ. ಅಣ್ಣನ ಜೊತೆಗಿನ ಮಾತು ಹೋಯಿತು.